ಮಷೀನ್ ಕಡಿಂದ ಮಾತಾಡಾಕತ್ತೀನ್ರಿ

ಗಿರಾಕಿಗೆ ‘ಇಲ್ಲ’ ಅನ್ನಬಾರದು. ಚಾಂದ್‌ಪಾಷಾ ಹೇಳಿಕೊಟ್ಟ ಈ ಒಂದು ಮಾತಿನಿಂದ ಅಷ್ಟೂ ರಾದ್ಧಾಂತವಾಯಿತು. ಶೇಖರಮ್ಮನಿಗೆ ಅದನ್ನು ಕಲಿಸುವ ಅಗತ್ಯವೇ ಇರಲಿಲ್ಲ. ನಲವತ್ತು ದಾಟಿದ್ದ ಆಕೆ ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಅಂದವಳಲ್ಲ. ಅಂದಿದ್ದರೂ ಯಾರಿಗೂ ಕೇಳಿಸಿರಲಿಲ್ಲ.

ಆಕೆಯ ದನಿಯೇ ಹಾಗಿತ್ತು. ಆಳದ ಬಾವಿಯಲ್ಲಿ ಕೊಡ ನೀರು ತುಂಬಿಕೊಳ್ಳುವ ಸಪ್ಪಳದಂತೆ ಮೆಲ್ಲಗೆ, ತಣ್ಣಗೆ. ಎಲ್ಲಿಂದ ಬಂತೆಂದು ತಿರುಗಿ ನೋಡುವಷ್ಟರಲ್ಲಿ ಮುಗಿದಿರುತ್ತಿತ್ತು. ಗಂಡ ಇನ್ನೊಂದು ಮದುವೆ ಮಾಡಿಕೊಂಡ ಮೇಲೆ ಸಿಂಧನೂರಿನ ತಮ್ಮ ವೀರೇಂದ್ರನ ಮನೆ ಸೇರಿದ್ದಳು. ಅಲ್ಲಿ ‘ಅನ್ನ ಸಾಕು’ ಅಂದರೆ ತಮ್ಮನ ಹೆಂಡತಿ ರಾಜಶ್ರೀ ಇನ್ನೊಂದು ಸೌಟು ಬಡಿಸುವಳು. ‘ಇನ್ನೊಂಚೂರು ಹಾಕು’ ಅಂದ ದಿನ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿರುವಳು. ಇಬ್ಬರೂ ಕೆಟ್ಟವರಲ್ಲ. ಟಿವಿ ಜೋರಾಗಿ ಹಚ್ಚಿಕೊಳ್ಳುವವರು, ಅಷ್ಟೇ.

ಹೋದ ವಾರ ಆ ಟಿವಿಯ ಮುಂದೆಯೇ ಆಕೆಯ ಮುಂದಿನ ಬಾಳು ತೀರ್ಮಾನವಾಗಿತ್ತು. ‘ಲಿಂಗಸುಗೂರಿನ ನಮ್ಮ ಚಿಗವ್ವ ಬಿದ್ದು ಟೊಂಕಾ ಮುರಕೊಂಡಾಳ. ನೋಡಕೊಳ್ಳಾಕ ಯಾರೂ ಇಲ್ಲ. ಅಕ್ಕಾರು ಇಲ್ಲಿ ಖಾಲೀನ ಕುಂತಿರ್ತಾರ, ಅಲ್ಲಿ ಹೋಗಿ ಇರ್ಲಿ’ ಎಂದು ರಾಜಶ್ರೀ ಅಂದಳು. ವೀರೇಂದ್ರ ಹೂಂ ಅಂದ. ‘ನಾ ಒಂದ್ ಕೆಲಸಕ್ಕ ಹೊಂಟೀನಿ’ ಎಂದು ಶೇಖರಮ್ಮ ಹೇಳಿದಳು. ಮತ್ತೊಮ್ಮೆ ಹೇಳಿದಳು. ಅಷ್ಟರಲ್ಲಿ ಜಾಹೀರಾತು ಮುಗಿದು ಧಾರಾವಾಹಿ ಶುರುವಾಯಿತು. ನಾಳೆ ಬೆಳಿಗ್ಗೆಯ ಬಸ್ಸಿಗೆ ಆಕೆಯನ್ನು ಲಿಂಗಸುಗೂರಿಗೆ ಹತ್ತಿಸುವುದೆಂದು ಗೊತ್ತಾಗಿತ್ತು. ಹಾಗಾಗಿ ಈ ದಿನ ಕೆಲಸ ಗಟ್ಟಿಯಾಗಲೇಬೇಕಿತ್ತು. ಇಲ್ಲದಿದ್ದರೆ ಇನ್ನೊಬ್ಬರ ಮನೆಯ ಇನ್ನೊಂದು ಮೂಲೆ.

ಚಾಂದ್‌ಪಾಷಾನ ಬಾಡಿಗೆ ಅಂಗಡಿ ಮಸ್ಕಿ ರಸ್ತೆಯಲ್ಲಿತ್ತು. ಕಾಂಕ್ರೀಟು ಕಲಸುವ ಮಿಕ್ಸರ್ ಮಷೀನು, ಸ್ಲ್ಯಾಬಿಗೆ ಆಸರೆ ಕೊಡುವ ಜಾಕಿ, ಹಸಿ ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್, ನೆಲ ಒಡೆಯುವ ಬ್ರೇಕರ್, ಮನೆ ಕಟ್ಟುವವರಿಗೆ ಬೇಕಾದದ್ದೆಲ್ಲ ಅಲ್ಲಿ ಬಾಡಿಗೆಗೆ ಸಿಗುತ್ತಿತ್ತು. ಚಾಂದ್‌ಪಾಷಾ ಒಳ್ಳೆಯ ಮನುಷ್ಯ, ಆದರೆ ಆತ ಫೋನಿನಲ್ಲಿ ‘ಹಲೋ’ ಅಂದರೆ ಫೋನಿಲ್ಲದೆಯೂ ಮಸ್ಕಿಗೆ ಕೇಳಿಸೀತು. ರಾಯಚೂರಿನ ಒಂದು ಕಾರಿನ ಶೋರೂಮಿನಲ್ಲಿ ಹುಡುಗಿಯೊಬ್ಬಳು ಮೆತ್ತಗೆ ಮಾತಾಡಿದ್ದಕ್ಕೆ, ಕಾರು ಕೊಳ್ಳುವ ಯೋಚನೆಯೇ ಇಲ್ಲದ ತಾನು ಅರ್ಧ ದಿನ ಅಲ್ಲೇ ಕುಂತು ಬಂದದ್ದು ಆತನ ತಲೆಯಲ್ಲಿ ಕೂತಿತ್ತು. ತನ್ನ ಅಂಗಡಿಗೂ ಅಂಥದೊಂದು ದನಿ ಬೇಕು ಅಂದಾಗ, ಪಕ್ಕದಲ್ಲಿ ಚಹದ ಅಂಗಡಿ ಇಟ್ಟ ಸುಭಾನಬಿ ತನ್ನ ಕುಬಸ ಹೊಲಿದುಕೊಡುವ ಶೇಖರಮ್ಮನ ಹೆಸರು ಹೇಳಿದ್ದಳು.

‘ನೋಡ್ ತಂಗೆಮ್ಮಾ, ಗಿರಾಕಿ ಅಂದ್ರ ದೇವರು. ಏನ್ ಕೇಳ್ತಾನ, ಹೂಂ ಅನ್ನು. ಇಲ್ಲ ಅಂದಿ, ನಾಳಿಗೆ ಬಾಜೂ ಅಂಗಡಿಗೆ ಹೋಗ್ತಾನ.’

‘ಹೂಂ ರೀ.’

‘ಏನಂದಿ?’

‘ಹೂಂ ಅಂದೆ ರೀ.’

‘ಶಾಬ್ಬಾಸ್! ಇದ ದನಿ ಬೇಕಾಗಿತ್ತು ನನಗ. ನಾ ಒದರಿ ಒದರಿ ಗಿರಾಕಿ ಎಲ್ಲಾ ಕಲ್ಲಾಗ್ಯಾರ. ಇನ್ನೊಂದು. ನಿನ್ನ ಹೆಸರು ಯಾರಿಗೂ ಹೇಳಬ್ಯಾಡ. ಹೆಣ್ಮಗಳ ಹೆಸರು ಗೊತ್ತಾತಂದ್ರ ಈ ಮೇಸ್ತ್ರಿಗಳು ತಾಸಿಗೊಮ್ಮೆ ಫೋನ್ ಹಚ್ಚಿ ‘ಊಟ ಆತೇನ್ರಿ’ ಅಂತಾರ. ಯಾರು ಅಂತ ಕೇಳಿದ್ರ ‘ಮಷೀನ್ ಕಡಿಂದ ಮಾತಾಡಾಕತ್ತೀನ್ರಿ’ ಅನ್ನು. ಅಷ್ಟ ಸಾಕು.’

ಇಡೀ ಸುತ್ತಿನ ಊರುಗಳಿಗೆ ಗೊತ್ತಿದ್ದ ತನ್ನ ಒಂದೇ ಫೋನನ್ನು ಆಕೆಯ ಕೈಗಿಟ್ಟು, ಹಳೆಯ ಬ್ರೇಕರ್ ಒಂದು ಮಾರಾಟಕ್ಕಿದೆಯೆಂದು ಚಾಂದ್‌ಪಾಷಾ ಲಿಂಗಸುಗೂರಿನ ಕಡೆಗೆ ಗಾಡಿ ತಿರುಗಿಸಿದ. ‘ಮಧ್ಯಾಹ್ನ ಸಾಮಾನು ತಿರುಗಿ ಕೊಡದವರಿಗೆ ಫೋನ್ ಹಚ್ಚು. ಒಯ್ದವರು ತಾವ ಹಡದಂಗ ಇಟ್ಕೊಂಡು ಕುಂತಾರ. ಪ್ರೀತೀಲೆ ಕೇಳು. ಇವತ್ತೊಂದಿನ ನೋಡ್ತೀನಿ, ಚಲೋ ಆತು, ಕೆಲಸ ನಿಂದು’ ಅಂದು ಹೋದ.

ಶೇಖರಮ್ಮ ಗಾಲಿ ಹಚ್ಚಿದ ತಿರುಗು ಕುರ್ಚಿಯ ತುದಿಯಲ್ಲಿ ಕುಳಿತಳು. ಪ್ಲಾಸ್ಟಿಕ್ಕು ಇನ್ನೂ ಹರಿಯದ ಹೊಸ ಕುರ್ಚಿ. ಇದು ನನಗೆಂದೇ ತಂದದ್ದು ಅನ್ನುವುದನ್ನು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಯಾರಾದರೂ ಬಂದು ‘ಅಕ್ಕಾರ, ಸ್ವಲ್ಪ ಏಳ್ರಿ’ ಅನ್ನುತ್ತಾರೇನೋ ಎಂದು ಕಾದಳು. ಯಾರೂ ಬರಲಿಲ್ಲ. ಅಂಗಳದಲ್ಲಿ ಟ್ರ್ಯಾಕ್ಟರಿನ ಡ್ರೈವರೂ ಮೆಕ್ಯಾನಿಕ್ಕೂ ಆಗಿದ್ದ ಆಂಜನೇಯ ಮಿಕ್ಸರಿನ ಎಂಜಿನ್ನೊಂದನ್ನು ಬಿಚ್ಚಿ ಕುಳಿತಿದ್ದ. ‘ಕಲಿತಿರ್ರಿ ಯಕ್ಕಾ, ಇಲ್ಲಿ ಈ ಕಿವಿ ಹಿಂಡಿದ್ರ ಎಂಥಾ ಮಷೀನೂ ಗಪ್ ಆಗ್ತೈತಿ’ ಎಂದು ಒಂದು ಸಣ್ಣ ಹಿಡಿಕೆಯನ್ನು ತೋರಿಸಿದ. ಆಗ ಫೋನು ಬಡಿದುಕೊಂಡಿತು.

‘ಪಾಷಾಭಾಯ್! ನಾ ಮಸ್ಕಿ ಕರಿಬಸಯ್ಯ. ಉಸುಕಿನ ಗಾಡಿ ತಡಾ ಆತು. ಸ್ಲ್ಯಾಬ್ ಇನ್ನಾ ಅರ್ಧಾ ಆಗಿಲ್ಲ. ಮಷೀನು ಸಂಜೀಗೆ ನಿಮ್ಮಲ್ಲಿ ಮುಟ್ಟೂದು ಕಷ್ಟ ಐತಿ. ಏನ್ ಮಾಡ್ಲಿ? ನನ್ನ ಕೈಕಾಲು ನಡಗಾಕತ್ಯಾವು!’

ಬಾಡಿಗೆ ಮಷೀನು ತಡವಾಗುತ್ತದೆಂದು ಕೈಕಾಲು ನಡುಗುವಷ್ಟು ಹೆದರಿದ ಮನುಷ್ಯನ ಮಾತು ಕೇಳಿ ಶೇಖರಮ್ಮನ ಕರುಳು ಚುರ್ ಅಂದಿತು. ಚಾಂದ್‌ಪಾಷಾ ಇವರನ್ನು ಅದೆಷ್ಟು ಬೈದಿರಬೇಕು! ತನ್ನಲ್ಲಿದ್ದ ಮೆತ್ತನೆಯದನ್ನೆಲ್ಲ ದನಿಗೆ ತಂದುಕೊಂಡು ಅಂದಳು:

‘ಗಾಬರಿ ಆಗಬ್ಯಾಡ್ರಿ ಅಪ್ಪಾರ.’



‘ಯಾ... ಯಾರು?’

‘ಮಷೀನ್ ಕಡಿಂದ ಮಾತಾಡಾಕತ್ತೀನ್ರಿ.’

ಆ ಕಡೆ ಉಸಿರೂ ಇಲ್ಲ. ಗಿರಾಕಿಗೆ ಇನ್ನೂ ಸಮಾಧಾನವಾಗಿಲ್ಲ ಅಂದುಕೊಂಡು ಶೇಖರಮ್ಮ ಮುಂದುವರಿಸಿದಳು. ‘ಇವತ್ತೊಂದ್ ರಾತ್ರಿ ನಿಮ್ಮಲ್ಲೇ ಇರ್ತೈತಿ ಬಿಡ್ರಿ. ನಿಮ್ಮ ಮನಿ ಅಂದ್ರ ನಮ್ಮ ಮನಿ ಇದ್ದಂಗ. ನಮಗೇನು ಅವಸರ ಇಲ್ಲ.’

ಏನೋ ದೊಪ್ಪನೆ ಬಿದ್ದ ಸಪ್ಪಳವಾಯಿತು. ದೂರದಲ್ಲಿ ಯಾರೋ ‘ಅಯ್ಯೋ ಅಯ್ನೋರು’ ಅಂದಂತಾಯಿತು. ಫೋನು ಕಟ್ಟಾಯಿತು. ನೆಟ್‌ವರ್ಕು ಸರಿಯಿಲ್ಲ ಅಂದುಕೊಂಡು ತಲೆ ಎತ್ತಿದರೆ, ಬಾಗಿಲಲ್ಲಿ ಸುಭಾನಬಿ ಚಹದ ಲೋಟ ಹಿಡಿದು ಕಲ್ಲಿನಂತೆ ನಿಂತಿದ್ದಳು.

‘ಯಾರ್ ಬೇ ಅದು ಫೋನಿನಾಗ?’

‘ಮಸ್ಕಿ ಕರಿಬಸಯ್ಯ ಅಂತ. ಮಷೀನು ನಾಳೆ ಕೊಡ್ತಾರಂತ. ಹೂಂ ಅಂದೆ.’

‘ತೋಬಾ ತೋಬಾ! ಅವರು ಒಯ್ದಿದ್ದು ಅಳೋ ಮಷೀನು ಬೇ!’

ಅಂಗಳದಲ್ಲಿ ಆಂಜನೇಯನ ಕೈಯಿಂದ ನಟ್ಟು ಬಿಚ್ಚುವ ಪಾನಾ ಠಣ್ಣನೆ ಬಿತ್ತು. ಎದುರಿನ ಸಿಮೆಂಟ್ ಅಂಗಡಿಯ ಬಸವಲಿಂಗ, ಬೇರೆಯವರ ಗಂಡಾಂತರಕ್ಕೆ ಎಂದೂ ತಡಮಾಡದವನು, ರಸ್ತೆ ದಾಟಿ ಬಂದೇಬಿಟ್ಟ.

ಮೂವರೂ ಒಟ್ಟಿಗೆ ಹೇಳಿದ್ದರಿಂದ ಕಥೆ ಅರ್ಥವಾಗಲು ಸ್ವಲ್ಪ ತಡವಾಯಿತು. ಆ ಮಿಕ್ಸರಿನ ಡ್ರಮ್ಮು ತಿರುಗಿದರೆ ಒಳಗಿನಿಂದ, ಯಾರೋ ಎದೆ ಬಡಿದುಕೊಂಡು ಅತ್ತಂತೆ, ಬಳೆಯ ಸಪ್ಪಳ ಬರುತ್ತದೆ. ಹಿಂದೊಮ್ಮೆ ಒಬ್ಬ ಕೂಲಿಯ ಹೆಣ್ಣುಮಗಳ ಬಳೆ ಜಾರಿ ಡ್ರಮ್ಮಿನಲ್ಲಿ ಬಿದ್ದಿತ್ತು. ತೆಗೆದುಕೊಳ್ಳಲು ಬಗ್ಗಿದವಳು ಮತ್ತೆ ಏಳಲಿಲ್ಲ. ಇದು ನಡೆದದ್ದು ಗೊರೇಬಾಳದಲ್ಲಿ ಅಂತ ಆಂಜನೇಯ, ಅಲ್ಲ, ಮುದಗಲ್ಲಿನ ಕೋಟೆಯ ಹತ್ತಿರ ಅಂತ ಸುಭಾನಬಿ.

‘ಆಕಿ ಹೆಸರೇನು?’ ಶೇಖರಮ್ಮ ಕೇಳಿದಳು.

ಮೂವರಿಗೂ ಕೋಟೆಯ ಹೆಸರು ಗೊತ್ತಿತ್ತು, ಹೆಂಗಸಿನದು ಗೊತ್ತಿರಲಿಲ್ಲ.

‘ಮತ್ಯಾಕ ಒಯ್ತಾರ ಅದನ್ನ?’

‘ಆಕಿ ಕಲಸಿದ ಸ್ಲ್ಯಾಬ್ ಸೋರಂಗಿಲ್ಲಲ್ಲ!’ ಅಂದ ಬಸವಲಿಂಗ. ‘ಆದ್ರ ದೀಪಾ ಹಚ್ಚೋದ್ರಾಗ ಇಲ್ಲಿ ತಂದು ನಿಂದ್ರಸಬೇಕು. ಬ್ಯಾರೆ ಸಾಮಾನು ಒಯ್ದವರು ತಿಂಗಳಾದ್ರೂ ತಿರುಗಿ ನೋಡಂಗಿಲ್ಲ. ಇದೊಂದು ಮಾತ್ರ ಎಂದೂ ತಡಾ ಆಗಿಲ್ಲ. ತಡಾ ಆತಂದ್ರ ಆಕಿ ಆ ಮನ್ಯಾಗ ಉಳದಬಿಡ್ತಾಳ. ಮೂಲ್ಯಾಗ ನಿಂದರ್ತಾಳಂತ. ಉಣ್ಣಾಕ ಕೇಳ್ತಾಳಂತ. ಆಕಿ ಏನ್ ಅಂದ್ರೂ ಯಾರಿಗೂ ಕೇಳಸಂಗಿಲ್ಲಂತ. ಬರೇ ಬಳಿ ಸಪ್ಪಳ.’

ಶೇಖರಮ್ಮನ ಮೈ ತಣ್ಣಗಾಯಿತು. ದೆವ್ವದ ಭಯಕ್ಕಲ್ಲ. ಆ ಮೂಲೆ, ಆ ಅನ್ನ, ಆ ಕೇಳಿಸದ ಮಾತು, ಇದನ್ನೆಲ್ಲ ತಾನು ಬಹಳ ಹತ್ತಿರದಿಂದ ನೋಡಿದಂತೆ ಅನ್ನಿಸಿತು. ಸೆರಗಿನಲ್ಲಿ ತನ್ನ ಕೈಬಳೆಗಳನ್ನು ಮುಚ್ಚಿಕೊಂಡಳು.

‘ಸಾವ್ಕಾರ್ರು ಬರೋದ್ರಾಗ ಅದು ಇಲ್ಲಿ ಇರಬೇಕು ನೋಡ್ ಯಕ್ಕಾ’ ಅಂದ ಆಂಜನೇಯ. ‘ಇಲ್ಲಂದ್ರ ಮೊದಲ ದಿನಾನ ನಿನ್ನ ಕೆಲಸ ಹೋತು.’

ಆಕೆ ಗಡಬಡಿಸಿ ಮಸ್ಕಿಗೆ ಫೋನು ಹಚ್ಚಿದಳು. ಎತ್ತಿದ್ದು ಕರಿಬಸಯ್ಯನ ಹೆಂಡತಿ ಕಸ್ತೂರೆಮ್ಮ.

‘ನಾನ್ರಿ. ಆಗಲೇ ಮಾತಾಡಿದ್ನಲ್ರಿ. ರಾತ್ರಿ ಅಲ್ಲಿ ಉಳಿಯೋದು ಬ್ಯಾಡಂತ್ರಿ. ಹೊತ್ತು ಮುಳುಗೋದ್ರಾಗ ನಾನ ಬರ್ತೀನಿ. ನೀವು ಎಲ್ಲಾರೂ ಮನ್ಯಾಗ ಇರ್ರಿ, ಎಲ್ಲೂ ಹೋಗಬ್ಯಾಡ್ರಿ ಮತ್ತ.’

ಉತ್ತರಕ್ಕೆ ಬದಲು ಒಂದು ಚೀರು ಬಂತು. ಮಸ್ಕಿಯ ಗುಡ್ಡಕ್ಕೆ ಬಡಿದು ತಿರುಗಿ ಬಂದಿರಬೇಕು, ಅಷ್ಟು ಉದ್ದವಾಗಿತ್ತು.

ಆಂಜನೇಯ ಹೊರಡಲು ಒಪ್ಪಲಿಲ್ಲ. ಊಟ ಮಾಡಿ ಬರ್ತೀನಿ ಅಂದ. ಹನುಮಪ್ಪನ ಗುಡಿಗೆ ಹೋಗಿ ಬರ್ತೀನಿ ಅಂದ. ಆತ ಅಂಗಾರ ಹಚ್ಚಿಕೊಂಡು ಬರುವವರೆಗೆ ಸುಮ್ಮನೆ ಕೂಡಲಾರದೆ ಶೇಖರಮ್ಮ ಸಾಮಾನು ತಿರುಗಿ ಕೊಡದವರಿಗೆ ಫೋನು ಹಚ್ಚಿದಳು. ಚಾಂದ್‌ಪಾಷಾನ ಫೋನಿನಲ್ಲಿ ಜನರಿಗೆ ಹೆಸರೇ ಇರಲಿಲ್ಲ. ‘ಗೊರೇಬಾಳ ವೈಬ್ರೇಟರ್’ ಇದ್ದ. ‘ಮುದಗಲ್ ಜಾಕಿ’ ಇದ್ದ.

‘ನಮಸ್ಕಾರ್ರಿ. ಬಾಳ ದಿನಾ ಆತು, ನಮ್ಮ ನೆನಪು ಬರಲಿಲ್ಲೇನ್ರಿ?’ ಅಂದಳು ಪ್ರೀತಿಯಿಂದ. ‘ಯಾರು’ ಅಂದವರಿಗೆ ಮಷೀನ್ ಕಡಿಂದ ಅಂದಳು. ‘ನೀವ ತಂದು ಮುಟ್ಟಿಸಿದ್ರ ಚಲೋ. ಇಲ್ಲಂದ್ರ ನಾನ ಬರಬೇಕಾಗ್ತೈತಿ.’

ಗೊರೇಬಾಳದ ವೈಬ್ರೇಟರು ‘ಯವ್ವಾ’ ಎಂದು ತನ್ನ ತಾಯಿಯನ್ನು ಕೂಗಿ ಫೋನು ಬಿಸಾಕಿದ. ಮುದಗಲ್ಲಿನ ಜಾಕಿ ಏನೋ ಮಂತ್ರದಂಥದನ್ನು ಹೇಳತೊಡಗಿದ. ಲಿಂಗಸುಗೂರಿನವನೊಬ್ಬ ‘ನನಗ ಸಣ್ಣ ಸಣ್ಣ ಮಕ್ಕಳದಾವ’ ಅಂದ. ‘ಅವಕ್ಕೂ ನಮಸ್ಕಾರ ಹೇಳ್ರಿ’ ಅಂದಳು ಶೇಖರಮ್ಮ, ಬೇರೇನು ಹೇಳಬೇಕೆಂದು ತೋಚದೆ. ಆತನೂ ಇಟ್ಟುಬಿಟ್ಟ.

ಒಬ್ಬನೂ ಪೂರ್ತಿ ಮಾತಾಡಲಿಲ್ಲ. ಕೆಲಸ ಕೈಬಿಟ್ಟಿತು, ನಾಳೆಯ ಬಸ್ಸೇ ಗತಿ ಅಂದುಕೊಂಡು ಆಕೆ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಹತ್ತಿ ಕುಳಿತಳು.

ಬೇಸಿಗೆಯ ಬಿಸಿಲು ಇಳಿದಿರಲಿಲ್ಲ. ಕಾಲುವೆ ಒಣಗಿತ್ತು. ಭತ್ತ ಕೊಯ್ದ ಗದ್ದೆಗಳಲ್ಲಿ ಕೂಳೆ ಸುಟ್ಟ ಹೊಗೆ ನೆಲದ ಮೇಲೆಯೇ ಮಲಗಿತ್ತು. ದಾರಿಯುದ್ದಕ್ಕೂ ಆಂಜನೇಯ ಗೇರು ಬದಲಿಸಿದಾಗಲೆಲ್ಲ ದೇವರ ಹೆಸರು ಹೇಳುತ್ತಿದ್ದ. ಗಾಳಿಗೆ ಶೇಖರಮ್ಮನ ತುರುಬು ಬಿಚ್ಚಿತು. ಎದುರಿಗೆ ಬಂದ ಸಿಮೆಂಟಿನ ಲಾರಿಯೊಂದು ಬೂದಿಯಂಥ ಧೂಳನ್ನು ಆಕೆಯ ಮುಖ ಮೈ ತುಂಬ ಸುರಿದು ಹೋಯಿತು.

ಕರಿಬಸಯ್ಯನ ಹೊಸ ಮನೆ ಮಸ್ಕಿಯ ಹೊರಗೆ, ಗುಡ್ಡದ ಕರಿಬಂಡೆಗಳ ಬದಿಯ ಖಾಲಿ ಪ್ಲಾಟುಗಳ ನಡುವೆ ಒಂಟಿಯಾಗಿತ್ತು. ದೂರದಿಂದಲೇ ಮೇಲೆ ಒಬ್ಬ ಮನುಷ್ಯ ನಿಂತದ್ದು ಕಂಡಿತು. ‘ಅಪ್ಪಾರ!’ ಎಂದು ಶೇಖರಮ್ಮ ಕೂಗಿದಳು. ಆತ ಅಲುಗಿದ, ಆದರೆ ಮಾತಾಡಲಿಲ್ಲ. ಹತ್ತಿರ ಹೋದರೆ ಅದು ದೃಷ್ಟಿಗೆ ಕಟ್ಟಿದ ಬೊಂಬೆ. ಹುಲ್ಲು ತುಂಬಿದ ಅಂಗಿ, ಪ್ಯಾಂಟು, ಮಡಕೆಯ ತಲೆ.

ಉಳಿದಂತೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸ್ಲ್ಯಾಬು ಹಾಕಿ ಮುಗಿದಿತ್ತು. ಎಂದೂ ಸಂಜೆಯ ಮುಂಚೆ ಮುಗಿಯದ ಕೆಲಸ ಅದು ಹೇಗೋ ಮುಗಿದು ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ಕಾಂಕ್ರೀಟಿನ ಬುಟ್ಟಿಗಳು ಬಿದ್ದಲ್ಲೇ ಬಿದ್ದಿದ್ದವು. ಒಂಟಿ ಒಂಟಿ ಚಪ್ಪಲಿಗಳು. ಅರ್ಧ ಕುಡಿದಿಟ್ಟ ಚಹ, ಅದರ ಮೇಲೆ ಕೆನೆ. ಮತ್ತು ಇವೆಲ್ಲದರ ನಡುವೆ, ಯಾರೂ ಇಲ್ಲದ ಅಂಗಳದಲ್ಲಿ, ಮಷೀನು ತಿರುಗುತ್ತಿತ್ತು.

ಎಂಜಿನ್ನಿನ ಡಗಡಗದ ಕೆಳಗೆ, ಡ್ರಮ್ಮಿನೊಳಗಿಂದ, ಸುತ್ತಿಗೊಮ್ಮೆ: ಘಲ್... ಘಲ್...

ಆಂಜನೇಯ ಟ್ರ್ಯಾಕ್ಟರನ್ನು ಅಷ್ಟು ದೂರ ಗೋಡೆಯ ಮರೆಯಲ್ಲೇ ನಿಲ್ಲಿಸಿದ. ‘ಯಕ್ಕಾ, ಕೊಕ್ಕಿ ಸಿಗಸಾಕ ನಾ ಬರ್ತೀನಿ. ಅದನ್ನ ಗಪ್ ಮಾಡೋದು ಮಾತ್ರ ನನ್ನ ಕೈಲೆ ಆಗಂಗಿಲ್ಲ’ ಎಂದು ಕಣ್ಣು ಮುಚ್ಚಿಕೊಂಡ.

ಶೇಖರಮ್ಮ ಒಬ್ಬಳೇ ನಡೆದಳು. ಹೆದರಿಕೆಯಿರಲಿಲ್ಲ ಎಂದಲ್ಲ. ಆದರೆ ಹಿಂದಿರುಗಿದರೆ ನಾಳೆಯ ಬಸ್ಸಿತ್ತು. ಡ್ರಮ್ಮಿನ ಕಪ್ಪು ಬಾಯಿ ಆಕೆಯ ಎದೆಯ ಮಟ್ಟಕ್ಕೆ ತಿರುಗುತ್ತಿತ್ತು. ಅದರಿಂದ ಹಸಿ ಸಿಮೆಂಟಿನ ತಣ್ಣನೆಯ ವಾಸನೆ ಬಂತು, ಬಹಳ ದಿನ ಮುಚ್ಚಿದ ಕೋಣೆಯ ಬಾಗಿಲು ತೆರೆದಂತೆ. ಆಂಜನೇಯ ತೋರಿಸಿದ ಕಿವಿಯನ್ನು ಹುಡುಕಿ ಹಿಂಡಿದಳು. ಎಂಜಿನ್ನು ಕೆಮ್ಮಿ ನಿಂತಿತು. ಡ್ರಮ್ಮು ಮಾತ್ರ ಹಾಗೆಯೇ ಸುತ್ತುತ್ತ, ಮೆಲ್ಲಗಾಗುತ್ತ, ಘಲ್... ಘಲ್... ಎಂದು, ಕೊನೆಯ ಮಾತನ್ನು ನುಂಗಿಕೊಂಡವರಂತೆ ಸುಮ್ಮನಾಯಿತು.

ಆ ಮೌನದಲ್ಲಿ ಶೇಖರಮ್ಮನಿಗೆ ತಾನೇ ಮೊದಲು ಮಾತಾಡಬೇಕು ಅನ್ನಿಸಿತು.

‘ನನಗ ಕೇಳಸ್ತು ಬಿಡವ್ವಾ’ ಅಂದಳು ಡ್ರಮ್ಮಿನೊಳಗೆ ಬಗ್ಗಿ. ‘ಯಾರಿಗೂ ಕೇಳಸಂಗಿಲ್ಲ ಅಂತಾರ. ನನಗ ಕೇಳಸ್ತು. ನಡಿ, ಹೋಗೂಣು.’

ಒಳಗಿಂದ ಆಕೆಯದೇ ದನಿ, ಇನ್ನಷ್ಟು ಮೆತ್ತಗೆ, ‘ಹೋಗೂಣು’ ಅಂದಿತು.

ದೂರದ ಮನೆಯೊಂದರ ಕಿಟಕಿ ದಡಾರನೆ ಮುಚ್ಚಿಕೊಂಡಿತು. ಅದರ ಹಿಂದೆ ಕರಿಬಸಯ್ಯನ ಮನೆಮಂದಿಯೂ ಇಡೀ ಸ್ಲ್ಯಾಬಿನ ಕೂಲಿಯವರೂ ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿದ್ದರೆಂದು ಆಕೆಗೆ ಗೊತ್ತಿರಲಿಲ್ಲ.

ತಿರುಗಿ ಬರುವಾಗ ಹೊತ್ತು ಇಳಿಯುತ್ತಿತ್ತು. ಕೆಂಪು ಧೂಳಿನಲ್ಲಿ ಟ್ರ್ಯಾಕ್ಟರು, ಹಿಂದೆ ಕೊಕ್ಕಿಗೆ ಮಷೀನು, ರಸ್ತೆಯ ಪ್ರತಿ ತಗ್ಗಿಗೂ ಒಂದು ಘಲ್. ಶೇಖರಮ್ಮ ಮಷೀನಿನ ಕಡೆ ಮುಖ ಮಾಡಿ ಕುಳಿತಿದ್ದಳು. ವಿಚಿತ್ರವೆಂದರೆ ಈಗ ಭಯ ಹೋಗಿ ಒಂದು ಬಗೆಯ ನೆಮ್ಮದಿ ಬಂದಿತ್ತು. ಹೆಸರಿಲ್ಲದ ಆ ಹೆಂಗಸಿಗೆ ತನ್ನ ಗಂಡನ ಕಥೆ ಹೇಳಿದಳು, ರಾಜಶ್ರೀಯ ಟಿವಿಯ ಕಥೆ ಹೇಳಿದಳು. ಸರಿಯಾದ ಜಾಗಕ್ಕೆ ಘಲ್ ಅನ್ನುತ್ತಿತ್ತು ಮಷೀನು. ಇಷ್ಟು ಲಕ್ಷ್ಯಕೊಟ್ಟು ಯಾರೂ ಆಕೆಯ ಮಾತು ಕೇಳಿರಲಿಲ್ಲ. ಸಿಂಧನೂರಿಗೆ ಬರುವ ಮುಂಚಿನ ಊರುಗಳಲ್ಲಿ, ಕಟ್ಟೆಯ ಮೇಲಿದ್ದ ಜನ ಇವರನ್ನು ಕಂಡು ಎದ್ದು ಒಳಗೆ ಹೋಗುತ್ತಿದ್ದರು. ಬಾಗಿಲು ಹಾಕಿಕೊಳ್ಳುವ ಸದ್ದು ಟ್ರ್ಯಾಕ್ಟರಿನ ಜೊತೆಜೊತೆಗೇ ಬಂತು.

ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅಂಗಡಿ ಮುಟ್ಟಿದರೆ, ಅಂಗಳದೊಳಗೆ ಟ್ರ್ಯಾಕ್ಟರು ಹೋಗಲು ಜಾಗವಿರಲಿಲ್ಲ. ಗೊರೇಬಾಳದ ವೈಬ್ರೇಟರ್, ಮುದಗಲ್ಲಿನ ಜಾಕಿಗಳು, ಚಾಂದ್‌ಪಾಷಾ ಕಳೆದೇಹೋದವೆಂದು ಮರೆತಿದ್ದ ಎರಡು ಮಿಕ್ಸರುಗಳು, ಎಲ್ಲ ಬಂದು ನಿಂತಿದ್ದವು. ಎಲ್ಲಕ್ಕೂ ನಿಂಬೆಹಣ್ಣು ಕಟ್ಟಿತ್ತು. ನಡುವೆ ಚಾಂದ್‌ಪಾಷಾ ಮದುವೆಮನೆಯ ಯಜಮಾನನಂತೆ ಓಡಾಡುತ್ತಿದ್ದ. ಶೇಖರಮ್ಮನನ್ನು ಕಂಡವನೇ ಒಳಗೆ ಕರೆದೊಯ್ದು, ಬಾಗಿಲು ಹಾಕಿ, ಜೀವನದಲ್ಲಿ ಮೊದಲ ಸಲ ಪಿಸುಗುಟ್ಟಿದ.

‘ತಂಗೆಮ್ಮಾ, ಏನ್ ಮಾಡಿದಿ ನೀನು! ಅಳೋ ಮಷೀನು ಫೋನ್ ಮಾಡಾಕತ್ತೈತಿ ಅಂತ ಮಂದಿ ಎಲ್ಲಾ ಸಾಮಾನು ತಂದು ಒಗದು ಓಡಿ ಹೋಗ್ಯಾರ! ಬಸವಲಿಂಗನ ಫೋನಿಗೂ ಬಂದೈತಿ, ಇಸಗೊಂಡು ಬಂದೀನಿ, ಕೇಳಿಲ್ಲಿ.’

ಕರಿಬಸಯ್ಯನ ಫೋನಿನಲ್ಲಿ ಬಂದ ಮಾತೆಲ್ಲ ತಾನಾಗಿಯೇ ರೆಕಾರ್ಡ್ ಆಗುತ್ತಿತ್ತಂತೆ. ಆತ ಎಚ್ಚರ ತಪ್ಪಿದ ಮೇಲೆ ಯಾರೋ ಅದನ್ನು ವಾಟ್ಸಾಪಿಗೆ ಹಾಕಿದ್ದರು. ಬಸವಲಿಂಗನ ಫೋನಿನಿಂದ ಒಂದು ಹೆಂಗಸಿನ ದನಿ ಬಂತು: ‘ನಿಮ್ಮ ಮನಿ ಅಂದ್ರ ನಮ್ಮ ಮನಿ ಇದ್ದಂಗ...’

ಶೇಖರಮ್ಮನ ರೋಮ ನಿಮಿರಿದವು. ಎಷ್ಟು ಒಂಟಿಯಾದ ದನಿ! ಯಾರದು ಎಂದು ಕೇಳಲು ಬಾಯಿ ತೆರೆದವಳು ಹಾಗೆಯೇ ನಿಂತಳು.

‘ನಾನು... ಅದು ಆಕಿ ಅಲ್ರಿ ಸಾವ್ಕಾರ್ರ. ಆಕಿ ಒಳಗ ಅದಾಳ. ನಾ ಮಾತಾಡ್ಸಿ ಬಂದೀನಿ.’

ಚಾಂದ್‌ಪಾಷಾ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಯಾವಾಕಿ ಬೇ? ಯಾವಾಕಿನೂ ಇಲ್ಲ, ಯಾವ ಬಳೀನೂ ಇಲ್ಲ. ಒಯ್ದವರು ಹೊತ್ತಿಗೆ ಸರಿಯಾಗಿ ತಂದು ಕೊಡವಲ್ರು ಅಂತ ನಾನ ಡ್ರಮ್ಮಿನ ರೆಕ್ಕಿಗೆ ಎರಡು ಕಬ್ಬಿಣದ ವಾಷರ್ ಸಡ್ಲು ಮಾಡಿ ಹಾಕಿದ್ದೆ. ಕತಿ ಸುಭಾನಬಿಗೆ ಹೇಳಿದೆ. ಆಮ್ಯಾಲ ಅದು ತಾನ ಬೆಳೀತು. ನನ್ನ ದೆವ್ವಕ್ಕ ಎಲ್ಲಾ ಇತ್ತು, ದನಿ ಒಂದಿರಲಿಲ್ಲ. ಇವತ್ತು ಅದೂ ಬಂತು!’

ಎರಡು ವಾಷರ್. ದಾರಿಯುದ್ದಕ್ಕೂ ಆಕೆ ತನ್ನ ಬಾಳನ್ನು ಬಿಚ್ಚಿಟ್ಟದ್ದು ಎರಡು ವಾಷರುಗಳ ಮುಂದೆ.

‘ಕೆಲಸ ನಿಂದು’ ಅಂದ ಚಾಂದ್‌ಪಾಷಾ. ‘ಪರ್ಮನೆಂಟ್! ಆದ್ರ ಒಂದ್ ಮಾತು. ನೀ ಯಾರ ಕಣ್ಣಿಗೂ ಬೀಳಬಾರದು. ಆ ಕುರ್ಚಿ ಬ್ಯಾಡ, ಹಿಂದ ಗೋದಾಮಿನ ಮೂಲ್ಯಾಗ ಒಂದ್ ಸ್ಟೂಲ್ ಹಾಕಿಸ್ತೀನಿ. ಮಾತಾಡಿದ್ದು ನೀನು ಅಂತ ಸುಭಾನಬಿ, ಆಂಜನೇಯ, ಬಸವಲಿಂಗ ಮೂವರಿಗ ಗೊತ್ತು, ಅವರ ಬಾಯಿ ನಾ ಮುಚ್ಚಸ್ತೀನಿ. ನಿಮ್ಮ ಮನ್ಯಾಗೂ ಹೇಳಬ್ಯಾಡ. ಅದು ಮನಷ್ಯಾಳು ಅಂತ ಗೊತ್ತಾದ್ರ ನಾಳೆಯಿಂದ ಯಾವನೂ ಅಂಜಂಗಿಲ್ಲ. ಏನಂತಿ?’

ಶೇಖರಮ್ಮ ಏನೋ ಅಂದಳು. ಆತ ಅದನ್ನು ಹೂಂ ಎಂದು ತಿಳಿದುಕೊಂಡ.

ಮನೆಗೆ ನಡೆದು ಹೋಗುವಾಗ ಆಟೊದವನೊಬ್ಬ ನಿಲ್ಲಿಸಿ, ಧೂಳು ಮೆತ್ತಿದ ಮುಖವನ್ನೂ ಬಿಚ್ಚಿದ ಕೂದಲನ್ನೂ ನೋಡಿ, ಬಾಡಿಗೆಯ ಮಾತಾಡದೆ ಹೋಗಿಬಿಟ್ಟ. ಆಕೆಗೆ ಬೇಸರವಾಗಲಿಲ್ಲ. ಏನಾದರೂ ಆಗಲಿ, ಕೆಲಸ ಸಿಕ್ಕಿತ್ತು. ನಾಳೆ ಬಸ್ಸು ಹತ್ತುವುದಿಲ್ಲ. ಅದೊಂದನ್ನು ಈ ಸಲ ಗಟ್ಟಿಯಾಗಿ, ಟಿವಿಗಿಂತ ಜೋರಾಗಿ ಹೇಳಬೇಕು.

ಮನೆಯ ಓಣಿ ಬಿಕೋ ಅನ್ನುತ್ತಿತ್ತು. ಹೊಸ್ತಿಲ ಮುಂದೆ ನಿಂಬೆಹಣ್ಣು, ಹಳೆಯ ಕೆರ, ತಲೆಕೆಳಗಾದ ಕಸಬರಿಗೆ. ಟಿವಿಯ ಸದ್ದಿರಲಿಲ್ಲ. ಅದರ ಬದಲು ಒಳಗಿನಿಂದ, ವೀರೇಂದ್ರನ ಫೋನಿನಲ್ಲಿ, ಮೆಲ್ಲಗೆ: ‘...ನಮಗೇನು ಅವಸರ ಇಲ್ಲ.’

‘ಮತ್ತ ಮತ್ತ ಹಚ್ಚಬ್ಯಾಡ್ರಿ, ನನಗ ಎದಿ ಹಾರತೈತಿ’ ಅಂದಳು ರಾಜಶ್ರೀ.

ಇಷ್ಟು ವರ್ಷ ಒಂದೇ ಸೂರಿನಡಿ ಕೇಳಿದ ದನಿ. ಇಬ್ಬರಲ್ಲಿ ಒಬ್ಬರಿಗೂ ಅದರ ಗುರುತು ಹತ್ತಿರಲಿಲ್ಲ.

ಶೇಖರಮ್ಮ ಬಾಗಿಲು ತಟ್ಟಿದಳು. ‘ನಾನ. ಬಾಗಲಾ ತಗೀರಿ.’

ಒಳಗೆ ದೀಪ ಆರಿತು.

‘ವೀರೂ, ನಾನು ಶೇಖರಮ್ಮ.’

‘ಅಯ್ಯೋ, ಹೆಸರೂ ತಿಳಕೊಂಡು ಬಂದೈತ್ರಿ!’ ರಾಜಶ್ರೀಯ ದನಿ ನಡುಗಿತು. ‘ನಮ್ಮಂಗ ಮಾತಾಡಿ ಬಾಗಲಾ ತಗಸ್ತಾವಂತ. ತಗೀಬ್ಯಾಡ್ರಿ, ನನ್ನಾಣಿ ಐತಿ!’

ಸ್ವಲ್ಪ ಹೊತ್ತು ಒಳಗೆ ಗುಸುಗುಸು ನಡೆಯಿತು. ಆಮೇಲೆ ಬಾಗಿಲ ಸಂದಿಯ ಹತ್ತಿರ ವೀರೇಂದ್ರನ ಬಾಯಿ ಬಂದಂತಾಯಿತು. ಆತ ಎಂದೂ ಅಕ್ಕನ ಜೊತೆ ಅಷ್ಟು ವಿನಯದಿಂದ ಮಾತಾಡಿರಲಿಲ್ಲ.

‘ಯವ್ವಾ, ತಾಯೀ, ನಮ್ಮ ಮನ್ಯಾಗ ನಿನಗ ಜಾಗಾ ಇಲ್ಲ. ನಾವು ಮಕ್ಕಳು ಮರಿ ಇದ್ದವರು. ಬೇಕಾದ್ರ... ನಮ್ಮ ಅಕ್ಕ ಇನ್ನಾ ಮನಿಗೆ ಬಂದಿಲ್ಲ. ಹೊರಗ ಎಲ್ಲೋ ಅದಾಳ. ಆಕಿಗೆ ಹಿಂದ ಮುಂದ ಯಾರೂ ಇಲ್ಲ. ಆಕಿನ್ನ ಕರಕೊಂಡು ಹೋಗಿಬಿಡು.’

ಓಣಿಯ ನಾಯಿಯೊಂದು ಶೇಖರಮ್ಮನನ್ನು ನೋಡಿ, ಬೊಗಳುವ ಮನಸ್ಸು ಮಾಡಿ, ಬಿಟ್ಟಿತು. ಆಕೆ ಬಗ್ಗಿ ನಿಂಬೆಹಣ್ಣನ್ನು ಪಕ್ಕಕ್ಕೆ ಸರಿಸಿ ಕಟ್ಟೆಯ ಮೇಲೆ ಕುಳಿತಳು. ಬಾಗಿಲ ಆ ಕಡೆ ಇಬ್ಬರೂ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಆಕೆ ಹೇಳುವ ಒಂದೊಂದು ಅಕ್ಷರಕ್ಕೂ ಕಿವಿಗೊಟ್ಟು. ಮೊದಲ ಸಲ.

ಗಿರಾಕಿಗೆ ಇಲ್ಲ ಅನ್ನಬಾರದು.

‘ಆತ್ರಿ’ ಅಂದಳು ಶೇಖರಮ್ಮ, ಬಹಳ ಮೆತ್ತಗೆ. ‘ಆಕಿನ್ನ ಕರಕೊಂಡು ಹೋಗ್ತೀನಿ. ಮತ್ತೇನಾರ ಸೇವಾ ಬೇಕಾಗಿತ್ತೇನ್ರಿ?’